ಮಡಚಿಟ್ಟ ಕಾಲು

ಮೆಟ್ಟಿಲು ಹತ್ತುವ ಸದ್ದಿನಲ್ಲೇ ಬಂದವರ ಮೊಣಕಾಲು ಹೇಗಿದೆ ಎಂದು ಹೇಳಿಬಿಡುತ್ತೇನೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಬಾಗಲಕೋಟೆಯ ನವನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿ ನನ್ನ ಫಿಜಿಯೋಥೆರಪಿ ಕೋಣೆ. ಕೆಳಗಿನಿಂದ ಮೇಲಕ್ಕೆ ಹದಿನೆಂಟು ಮೆಟ್ಟಿಲು. ಯಾರೇ ಆಗಲಿ, ಹತ್ತುವಾಗ ಒಂದು ಕಾಲಿನ ಸದ್ದು ಇನ್ನೊಂದಕ್ಕಿಂತ ಒಂದು ತೂಕ ಜಾಸ್ತಿ ಇರುತ್ತದೆ. ಎರಡೂ ಕಾಲು ಒಂದೇ ಸಮ ಸದ್ದು ಮಾಡುವ ಮನುಷ್ಯರನ್ನು ನಾನು ಕೇಳಿರಲಿಲ್ಲ, ಆ ಹುಡುಗಿ ಬರುವವರೆಗೆ.

ಕೋಣೆಯ ನೆಲ ಇಳಕಲ್ಲಿನ ಕೆಂಪು ಕಲ್ಲಿನದು. ಕಟ್ಟಡದ ಮಾಲೀಕರು ಪಾಲಿಶ್ ಮಾಡಿಸಿ ಕನ್ನಡಿ ಮಾಡಿಟ್ಟಿದ್ದಾರೆ. ಕಾಲು ಮುರಿದವರು ಬರುವ ಜಾಗಕ್ಕೆ ಇಂಥ ನೆಲ ಹಾಕಿಸಿದ ಅವರ ಬುದ್ಧಿಗೆ ನಾನು ದಿನಾ ಒಂದು ಸಲ ಕೈಮುಗಿಯುತ್ತೇನೆ. ಜಿಗಿಸುವ ದಾರಿಗೆ ರಬ್ಬರ್ ಚಾಪೆ ಹಾಸಿದ್ದೇನೆ, ಆದರೆ ಅಕ್ಕಪಕ್ಕದ ಕಲ್ಲಿನಲ್ಲಿ ಜಿಗಿಯುವವರು ತಲೆಕೆಳಗಾಗಿ ಕಾಣುತ್ತಾರೆ. ಮಧ್ಯಾಹ್ನ ಕಿಟಕಿಯ ಬೆಳಕು ಬಿದ್ದಾಗ, ಮೇಲಿನವರು ನೆಲ ಮುಟ್ಟುವ ಮೊದಲೇ ಕೆಳಗಿನವರು ಮುಟ್ಟಿದರೇನೋ ಅನ್ನಿಸುತ್ತದೆ. ನಾನು ಆ ಕಡೆ ಹೆಚ್ಚು ನೋಡುವುದಿಲ್ಲ.

ನನ್ನ ಕೆಲಸ ಇಷ್ಟೇ. ಆಟದಲ್ಲಿ ಮೊಣಕಾಲಿನ ಒಳಗಿನ ಲಿಗಮೆಂಟು ಹರಿದುಕೊಂಡವರು ಬೇರೆ ಊರಿನ ದೊಡ್ಡ ದವಾಖಾನೆಯಲ್ಲಿ ಆಪರೇಶನ್ ಮಾಡಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ಒಂಬತ್ತು ತಿಂಗಳು, ಕೆಲವರಿಗೆ ವರ್ಷ, ಆ ಕಾಲನ್ನು ಮತ್ತೆ ಕಾಲು ಮಾಡಬೇಕು. ಕೊನೆಗೆ ಅದು ಮೈದಾನಕ್ಕೆ ಇಳಿಯಬಹುದೋ ಇಲ್ಲವೋ ಎಂದು ನಾನು ಬರೆದು ಸಹಿ ಮಾಡಬೇಕು. ಅದಕ್ಕೆ ಒಂಟಿಕಾಲಲ್ಲಿ ಜಿಗಿಸುತ್ತೇನೆ. ಮೊದಲು ಒಳ್ಳೆಯ ಕಾಲು, ಆಮೇಲೆ ಆಪರೇಶನ್ ಆದ ಕಾಲು. ಟೇಪು ಹಿಡಿದು ಅಳೆಯುತ್ತೇನೆ. ಒಳ್ಳೆಯ ಕಾಲು ನೂರು ಜಿಗಿದರೆ ಇದು ತೊಂಬತ್ತಾದರೂ ಜಿಗಿಯಬೇಕು. ಅಂದರೆ ಕೆಟ್ಟ ಕಾಲಿಗೆ ಅಳತೆಗೋಲು ಅದರ ಪಕ್ಕದ ಕಾಲೇ. ಈ ಲೆಕ್ಕದ ಮೇಲೆ ನನಗೆ ಎಷ್ಟು ನಂಬಿಕೆ ಇತ್ತೆಂದರೆ, ಯಾರಾದರೂ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಹುಡುಗಿ ಇಳಕಲ್ಲಿನ ನೇಕಾರರ ಮನೆಯವಳು, ಆಗ ಇಪ್ಪತ್ತರ ಆಸುಪಾಸು. ಬಾದಾಮಿಯ ಕಾಲೇಜಿನಲ್ಲಿ ಓದುತ್ತ ಖೋ ಖೋ ಆಡುತ್ತಿದ್ದಳು. ಬೆನ್ನಟ್ಟಿದವಳಿಂದ ತಪ್ಪಿಸಿಕೊಳ್ಳಲು ಕಂಬ ಹಿಡಿದು ಗಕ್ಕನೆ ತಿರುಗುವಾಗ ಬಲ ಮೊಣಕಾಲು ಮಾತ್ರ ತಿರುಗದೆ ಅಲ್ಲೇ ಉಳಿಯಿತಂತೆ. ಹಸಿ ಕಟ್ಟಿಗೆ ಮುರಿದಂಥ ಸದ್ದು ಸಾಲಿನಲ್ಲಿ ಕುಳಿತವರಿಗೆಲ್ಲ ಕೇಳಿತ್ತು. ಆಪರೇಶನ್ನಿಗೆ ಮೊದಲು ಒಮ್ಮೆ ನನ್ನ ಹತ್ತಿರ ಬಂದಿದ್ದಳು, ಆಗ ಎಡಗಾಲನ್ನು ಜಿಗಿಸಿ ಅಳೆದು ಇಟ್ಟುಕೊಂಡಿದ್ದೆ. ಆಪರೇಶನ್ ಆದ ಮೇಲೆ ತಾಯಿಯ ಜೊತೆ ಬಂದಳು.

ತಾಯಿ ಮಾತು ಕಡಿಮೆ. ತಂದೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದರು, ಮನೆಯ ಮಗ್ಗ ಈ ತಾಯಿಯದೇ. ನಾನು ಹೇಳಿದ್ದನ್ನೆಲ್ಲ ಕಣ್ಣು ಪಿಳುಕಿಸದೆ ಕೇಳುತ್ತಿದ್ದರು. ನಾನೋ, ಬಂದವರಿಗೆಲ್ಲ ಹೇಳುವ ಚೇಷ್ಟೆಯ ಮಾತನ್ನೇ ಅವರಿಗೂ ಹೇಳಿದೆ. "ನೋಡ್ರಿ ಅಕ್ಕಾರ, ಒಳ್ಳೆ ಕಾಲು ಅನ್ನೋದು ದೊಡ್ಡ ಕಳ್ಳ. ಕೆಟ್ಟ ಕಾಲಿನ ಕೆಲಸಾನ ಕದ್ದು ತಾನ ಮಾಡತೈತಿ. ಕದಿಯಾಕ ಬಿಡಬ್ಯಾಡ್ರಿ. ಮೆಟ್ಟಿಲ ಹತ್ತೂದಿರ್ಲಿ, ಎದ್ದು ನಿಂದ್ರೂದಿರ್ಲಿ, ಮುಂದ ಈ ಬಲಗಾಲ ಇರಬೇಕು."

ಎಲ್ಲರೂ ನಗುವ ಮಾತಿದು. ತಾಯಿ ನಗಲಿಲ್ಲ. ಮಗಳ ಎಡಗಾಲನ್ನು ಒಂದು ಸಲ ನೋಡಿ, "ಆತ್ರಿ ಡಾಕ್ಟರಬಾಯಾರ" ಎಂದರು.

ಹುಡುಗಿ ವಾರಕ್ಕೊಮ್ಮೆ ತಪ್ಪದೆ ಬಂದಳು. ಆರನೆಯ ತಿಂಗಳು ಮೊದಲ ಸಲ ಜಿಗಿಸಿದಾಗ ಬಲಗಾಲು ತೀರಾ ಹಿಂದೆ ಇತ್ತು. ಏಳರಲ್ಲಿ ಮುಂದೆ ಬಂತು, ಎಂಟರಲ್ಲಿ ಇನ್ನೂ ಮುಂದೆ. ಎಡಗಾಲು ಪ್ರತಿ ಸಲ ಒಂದೆರಡು ಬೆರಳು ಕಡಿಮೆ ಜಿಗಿಯುತ್ತಿತ್ತು. ಬಸ್ಸಿನಲ್ಲಿ ನಿಂತು ಬಂದಿದ್ದಾಳೆ, ದಣಿದಿದೆ ಎಂದುಕೊಂಡೆ. ನನ್ನ ಕಣ್ಣೆಲ್ಲ ಬಲಗಾಲಿನ ಮೇಲಿತ್ತು.

ಒಂಬತ್ತನೆಯ ತಿಂಗಳು ಎರಡೂ ಕಾಲು ಸಮ ಬಂದವು. ಎಡ ನೂರಾ ಹನ್ನೆರಡು ಸೆಂಟಿಮೀಟರು, ಬಲವೂ ನೂರಾ ಹನ್ನೆರಡು. ನನಗಾದ ಖುಷಿ ಹೇಳತೀರದು. ನನ್ನ ಡಬ್ಬಿಯಲ್ಲಿದ್ದ ಶೇಂಗಾ ಉಂಡೆ ತೆಗೆದು ಅವಳಿಗೆ ಕೊಟ್ಟೆ. ಮರುವಾರ ಮತ್ತೆ ಅಳೆದೆ. ಎಡ ನೂರಾ ಹನ್ನೆರಡು, ಬಲ ನೂರಾ ಹನ್ನೆರಡು. ಅದರ ಮರುವಾರ ಟೇಪನ್ನೇ ಬದಲಿಸಿದೆ. ಅದೇ ಅಂಕಿ. ಮೂರು ಸಲ ಜಿಗಿಸಿದರೂ ಹಿಮ್ಮಡಿ ಅದೇ ಗೆರೆಯ ಮೇಲೆ ಬಂದು ಕೂರುತ್ತಿತ್ತು. ಅಳತೆ ಹೇಳಿದಾಗ ಅವಳ ಮುಖದಲ್ಲಿ ಖುಷಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ. "ಹೌದ್ರಿ" ಎಂದಷ್ಟೇ ಹೇಳಿ ಚಪ್ಪಲಿ ಹಾಕಿಕೊಂಡಳು.

ಆ ದಿನ ಅವಳು ಇಳಿದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದೆ. ಹದಿನೆಂಟು ಮೆಟ್ಟಿಲು, ಹದಿನೆಂಟು ಸದ್ದು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಮನುಷ್ಯರ ಎರಡು ಕಾಲು ಹುಟ್ಟಿನಿಂದಲೇ ಅಷ್ಟು ಸಮ ಇರುವುದಿಲ್ಲ. ಕೆಳಗೆ ಹೋಗುತ್ತಿರುವುದು ಇಬ್ಬರು, ಇಬ್ಬರದೂ ಒಂದೊಂದೇ ಕಾಲು, ಎಂದು ಯಾಕೋ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಇಷ್ಟರಲ್ಲಿ ಅವಳ ತಂಡದ ತರಬೇತುದಾರರು ದಿನಕ್ಕೆರಡು ಫೋನು ಮಾಡತೊಡಗಿದ್ದರು. ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಎಂಟು ದಿನ ಉಳಿದಿತ್ತು. "ಕಾಗದ ಒಂದ್ ಕೊಟ್ಟಬಿಡ್ರಿ ಮೇಡಮ್ಮಾರ, ಹುಡುಗಿ ಗಟ್ಟಿ ಅದಾಳ." ಅಳತೆಯ ಪ್ರಕಾರ ಕೊಡದಿರಲು ನನ್ನ ಹತ್ತಿರ ಕಾರಣವಿರಲಿಲ್ಲ. ಬರೆದು ಸಹಿ ಮಾಡಿದೆ. ಆದರೆ ಅವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಮೈದಾನದಲ್ಲಿ ಒಂದು ಸಲ ನೋಡುತ್ತೇನೆ ಎಂದು ಅದನ್ನು ಚೀಲದಲ್ಲಿಟ್ಟುಕೊಂಡು ಬಾದಾಮಿಗೆ ಹೋದೆ.

ಬೆಳಗಿನ ಎಂಟು ಗಂಟೆ. ಮೈದಾನದ ಹಿಂದೆ ಕೆಂಪು ಬಂಡೆಯ ಗುಡ್ಡ. ಎಂಟು ಹುಡುಗಿಯರು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು, ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳದು ಈ ಕಡೆ. ಓಡುತ್ತಿರುವವಳು ಬೆನ್ನು ಮುಟ್ಟಿ ಖೋ ಅಂದರೆ ಕುಳಿತವಳು ಎದ್ದು ಅಟ್ಟಬೇಕು. ಖೋ ಎಂಬ ಕೂಗು ಬಂಡೆಗೆ ತಾಗಿ ಒಂದು ಉಸಿರು ತಡವಾಗಿ ವಾಪಸು ಬರುತ್ತಿತ್ತು. ನಮ್ಮ ಹುಡುಗಿ ನಾಲ್ಕನೆಯವಳು. ಹಗುರ ಅಭ್ಯಾಸಕ್ಕೆ ನಾನೇ ಒಪ್ಪಿಗೆ ಕೊಟ್ಟಿದ್ದೆ.

ತರಬೇತುದಾರರು, ಗೆಳತಿಯರು ಎಲ್ಲರೂ ಅವಳ ಬಲ ಮೊಣಕಾಲಿನ ಗಾಯದ ಗುರುತನ್ನೇ ನೋಡುತ್ತಿದ್ದರು. ನಾನೂ ಮೊದಲು ಅದನ್ನೇ ನೋಡಿದೆ. ಖೋ ಬಿದ್ದಾಗ ಅವಳು ಬಲಗಾಲನ್ನು ಒತ್ತಿ ಎದ್ದಳು, ಚೆನ್ನಾಗಿಯೇ ಎದ್ದಳು. ಎಡಗಾಲು ಆಮೇಲೆ ಎದ್ದಿತು. ಅವಳು ಹೊರಟ ಮೇಲೆ, ಹೊರಟಿದ್ದು ಗೊತ್ತಾದ ಮೇಲೆ, ತಾನೂ ಬಂದ ಹಾಗೆ. ಬಂಡೆಯಿಂದ ಕೂಗು ವಾಪಸು ಬರುವುದೂ ಆ ಕಾಲು ನೆಲ ಬಿಡುವುದೂ ಒಂದೇ ಆಗುತ್ತಿತ್ತು. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಹಾಗೇ.

"ಹೆಂಗ್ರಿ?" ಎಂದರು ತರಬೇತುದಾರರು. "ಆ ಕಾಲು ಚಲೋ ಐತಿ" ಎಂದೆ. ಅವರು ಯಾವ ಕಾಲು ಎಂದು ಕೇಳಲಿಲ್ಲ.

ಕಾಗದ ಒಯ್ಯಲು ಹುಡುಗಿ ಎರಡು ದಿನ ಬಿಟ್ಟು ನನ್ನ ಹತ್ತಿರ ಬರುವುದಿತ್ತು. ನಾನೇ ಒಯ್ದು ಕೊಡುತ್ತೇನೆ ಎಂದು ಫೋನು ಮಾಡಿ ಇಳಕಲ್ಲಿನ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಬರಿಗೈಯಲ್ಲಿ ಹೋಗಬಾರದೆಂದು ಕರದಂಟು ಕೊಂಡೆ. ಹುನಗುಂದ ದಾಟುವಾಗ, ಕಾಗದ ಕೊಟ್ಟು ಚಹಾ ಕುಡಿದು ಬಂದರಾಯಿತು, ಸುಮ್ಮನೆ ತಲೆಕೆಡಿಸಿಕೊಂಡಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ.

ಅವರ ಓಣಿಯಲ್ಲಿ ಅರ್ಧ ಮನೆಗಳಿಂದ ಕರೆಂಟಿನ ಮಗ್ಗದ ಗದ್ದಲ ಬರುತ್ತಿತ್ತು. ಇವರ ಮನೆಯದು ಮಾತ್ರ ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಕೆಳಗಿನ ಎರಡು ಹಲಗೆಗಳನ್ನು ಎರಡು ಕಾಲಿನಿಂದ ಒಂದಾದ ಮೇಲೊಂದು ತುಳಿದು ನೇಯುವಂಥದು. ಅದರ ಸದ್ದು ನನಗೆ ಚಿಕ್ಕಂದಿನಿಂದ ಗೊತ್ತು. ಎರಡು ಕಾಲಿನ ಬಡಿತ, ನಡುವೆ ಲಾಳಿ ಓಡುವ ಸಪ್ಪಳ. ಬಾಗಿಲಿಗೆ ಬಂದವಳು ಅಲ್ಲೇ ನಿಂತೆ. ಒಳಗಿನ ಸದ್ದು ಹಾಗಿರಲಿಲ್ಲ. ಒಂದು ಬಡಿತ, ಲಾಳಿ, ಆಮೇಲೆ ಏನೂ ಇಲ್ಲ, ಮತ್ತೆ ಒಂದು ಬಡಿತ. ನಡುವಿನ ಆ ಖಾಲಿಯನ್ನು ಕೇಳುತ್ತಲೇ ಬಾಗಿಲು ತಳ್ಳಿದೆ.

ಒಳಗೆ ನಡುಹಗಲಲ್ಲೂ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಮಗ್ಗದ ಮೇಲೆ ಮಾತ್ರ ಬಿದ್ದಿತ್ತು. ಹುಡುಗಿ ಕುಣಿಯ ಅಂಚಿಗೆ ಕುಳಿತು ನೇಯುತ್ತಿದ್ದಳು. ಬಲಗಾಲು ಕೆಳಗೆ ಕತ್ತಲಲ್ಲಿ ಒಂದು ಹಲಗೆಯಿಂದ ಇನ್ನೊಂದಕ್ಕೆ ಸರಿಯುತ್ತ ಎರಡನ್ನೂ ತಾನೇ ತುಳಿಯುತ್ತಿತ್ತು. ಎಡಗಾಲು ಮೇಲೆ, ಅವಳ ಪಕ್ಕದಲ್ಲಿ ಮಡಚಿ ಇಟ್ಟಿತ್ತು. ಅದಕ್ಕೆ ಹಳೆಯ ಸೀರೆಯ ಕೆಂಪು ಸೆರಗಿನ ಪಟ್ಟಿ ಸುತ್ತಿತ್ತು. ಪಾದದ ಮೇಲೆ ವಿಭೂತಿ, ಕುಂಕುಮ. ಅವಳ ಕೈ, ಕಣ್ಣು, ಬೆನ್ನು ಎಲ್ಲ ಕೆಲಸದಲ್ಲಿದ್ದವು. ಆ ಕಾಲೊಂದು ಯಾರೋ ಬಂದು ಕುಳಿತ ಹಾಗೆ ಕುಳಿತಿತ್ತು.

"ಏನಿದು?" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

ತಾಯಿ ಒಲೆಯ ಹತ್ತಿರದಿಂದ ಎದ್ದು ಬಂದರು. "ನೀವ ಹೇಳಿದ್ರಲ್ರೀ ಡಾಕ್ಟರಬಾಯಾರ, ಇದು ಕಳ್ಳ ಕಾಲು ಅಂತ. ಮಗ್ಗದಾಗ ಕುಂತಾಗ ಇದು ತಾನ ಮುಂದ ಬರ್ತಿತ್ತು. ಅದಕ್ಕ ಕಟ್ಟಿ ಹಾಕಿದೆ. ಬನಶಂಕ್ರವ್ವಗ ಬೇಡಿಕೊಂಡೇನ್ರಿ, ನನ್ನ ಮಗಳು ತಿರುಗಿ ಪಂದ್ಯ ಆಡೂತನಾ ಈ ಕಾಲು ಕೆಲಸ ಮಾಡೂದಿಲ್ಲ, ಉಪಾಸ ಇರತೈತಿ ಅಂತ."

"ದಿನಾ ಎಷ್ಟೊತ್ತು?"

"ಮುಂಜಾನಿಂದ ಊಟದತನಾ. ಮತ್ತ ಮಧ್ಯಾಹ್ನದ ಮ್ಯಾಲೆ ಒಂದೀಟು. ನಿಂತಾಗ ಸೈತ ಇದರ ಮ್ಯಾಲೆ ಭಾರ ಹಾಕೂದಿಲ್ರಿ ಆಕಿ."

ಅವರ ಮುಖದಲ್ಲಿ ಹೇಳಿದ ಪಾಠ ಒಪ್ಪಿಸಿದವರ ಸಮಾಧಾನವಿತ್ತು. ಕಾಲೇಜಿಗೆ ವಾರದಲ್ಲಿ ಎರಡು ದಿನ ಮಾತ್ರ ಹೋಗುತ್ತಿದ್ದಳು, ಉಳಿದ ದಿನವೆಲ್ಲ ಇದೇ. "ಮೊದಲ ಬಿಚ್ರಿ ಅದನ್ನ" ಎಂದು ಗದರಿದೆ.

ಹುಡುಗಿ ಲಾಳಿ ಕೆಳಗಿಟ್ಟು ಪಟ್ಟಿಯ ತುದಿ ಹಿಡಿದು ಎಳೆದಳು. ಅದು ಹಾಗೇ ಜಾರಿ ಬಂತು. "ಗಂಟ ಇಲ್ರಿ ಮೇಡಮ್ಮಾರ" ಎಂದಳು ಮೆಲ್ಲಗೆ. "ಗಂಟ ಹಾಕೂದು ಬಿಟ್ಟು ಎರಡು ತಿಂಗಳಾತು. ಈಗ ಅದು ತಾನ ಕುಂದರತೈತಿ."

ಪಟ್ಟಿ ಹೋದ ಮೇಲೂ ಕಾಲು ಇದ್ದಲ್ಲೇ ಇತ್ತು. ಕುಣಿಗೆ ಇಳಿಸು ಎಂದೆ. ಅವಳು ಅದನ್ನು ನೋಡಿದಳು. ನಾವು ಮೂವರೂ ನೋಡಿದೆವು. ಕೊನೆಗೆ ಅವಳು ಎರಡೂ ಕೈಯಿಂದ ಹಿಡಿದು ಎತ್ತಿ ಕೆಳಗೆ ಬಿಟ್ಟಳು.

ನಾನು ನೆಲದ ಮೇಲೇ ಅವಳನ್ನು ಮಲಗಿಸಿ ತೊಡೆಗಳನ್ನು ಅಳೆದೆ. ಎಡದ್ದು ಬಲದ್ದಕ್ಕಿಂತ ಸಣ್ಣದಾಗಿತ್ತು. ಚೀಲದಿಂದ ಅವಳ ಅಳತೆ ಬರೆದಿಡುವ ಪುಸ್ತಕ ತೆಗೆದು, ಎಷ್ಟೋ ತಿಂಗಳಿಂದ ತಿರುವದ ಮೊದಲ ಪುಟ ತಿರುವಿದೆ. ಆಪರೇಶನ್ನಿಗೆ ಮೊದಲು ಈ ಎಡಗಾಲು ಜಿಗಿದದ್ದು ನೂರಾ ನಲವತ್ತೆಂಟು. ಆಮೇಲಿನ ಪುಟಗಳಲ್ಲಿ ನನ್ನದೇ ಅಕ್ಷರದಲ್ಲಿ ಅದು ತಿಂಗಳು ತಿಂಗಳು ಕೆಳಗಿಳಿಯುತ್ತ ಬಂದಿತ್ತು. ಬಲಗಾಲು ಮೇಲೆ ಹತ್ತುತ್ತಿತ್ತು, ಎಡಗಾಲು ಅದಕ್ಕಾಗಿ ಇಳಿದು ಬರುತ್ತಿತ್ತು. ಎರಡೂ ನಡುದಾರಿಯಲ್ಲಿ ಭೇಟಿಯಾದ ದಿನ ನಾನು ಉಂಡೆ ಹಂಚಿದ್ದೆ. ಅಳತೆಗೋಲೇ ಸವೆಯುತ್ತಿದ್ದುದು ನನಗೆ ಕಾಣಲಿಲ್ಲ. ಈ ಸ್ಥಿತಿಯಲ್ಲಿ ಆಯ್ಕೆಗೆ ಹೋಗಿದ್ದರೆ ಕಂಬದ ಹತ್ತಿರ ಯಾವುದೋ ಒಂದು ಮೊಣಕಾಲು ಹೋಗುವುದು ಹೆಚ್ಚುಕಡಿಮೆ ಖಚಿತವಿತ್ತು. ಯಾರೂ ನೋಡದ ಎಡಗಾಲೇ ಹೋಗುತ್ತಿತ್ತೇನೋ.

ಚೀಲದಲ್ಲಿದ್ದ ಕಾಗದ ಹರಿದು ಒಲೆಗೆ ಹಾಕಿದೆ. ತಪ್ಪು ನನ್ನದೆಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಆ ಮಾತು ನಾಲಿಗೆಯಿಂದ ಸುಲಭಕ್ಕೆ ಬರಲಿಲ್ಲ. ಹುಡುಗಿ ಅತ್ತಳು. ಈ ವರ್ಷದ ಆಯ್ಕೆ ಹೋಯಿತು, ಕಾಲೇಜಿನಲ್ಲಿ ಅವಳಿಗೆ ಉಳಿದದ್ದು ಇನ್ನೊಂದೇ ವರ್ಷ.

"ಇವತ್ತಿಂದ ಈ ಕಾಲು ಕೆಲಸ ಮಾಡಬೇಕು" ಎಂದೆ.

"ಆಕಿ ಆಡೂತನಾ ಬಿಡಂಗಿಲ್ರಿ" ಎಂದರು ತಾಯಿ.

"ಬಿಡೂತನಾ ಆಕಿ ಆಡಂಗಿಲ್ಲ, ನೋಡ್ರಿ ಮತ್ತ."

ಹರಕೆ ಮುರಿದರೆ ದೇವಿ ಬಲಗಾಲನ್ನೂ ವಾಪಸು ತೆಗೆದುಕೊಳ್ಳುತ್ತಾಳೆ ಎಂಬುದು ತಾಯಿಯ ಹೆದರಿಕೆ. ಬಾಯಿಬಿಟ್ಟು ಹೇಳಲಿಲ್ಲ, ಮಗಳ ಬಲ ಮೊಣಕಾಲಿನ ಮೇಲೆ ಅಂಗೈ ಮುಚ್ಚಿ ಕುಳಿತದ್ದರಲ್ಲೇ ಅದು ಗೊತ್ತಾಗುತ್ತಿತ್ತು. ನಾನು ಜೋರು ಮಾಡಿದೆ, ಬೇಡಿಕೊಂಡೆ, ದೇವಿ ಹಾಗೆಲ್ಲ ಮಾಡುವವಳಲ್ಲ ಎಂದೂ ಹೇಳಿದೆ. ಅದು ನನಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ, ಅಷ್ಟು ಮರ್ಯಾದೆಯವರು.

ಕೊನೆಗೆ ತಾಯಿ ಎದ್ದರು. ಮಗಳನ್ನು ಸರಿಸಿ ತಾವು ಕುಣಿಯ ಅಂಚಿಗೆ ಕುಳಿತರು. ಬಲಗಾಲು ಕೆಳಗೆ ಬಿಟ್ಟರು. ತಮ್ಮ ಎಡಗಾಲನ್ನು ಮಡಚಿ ಮೇಲಿಟ್ಟುಕೊಂಡು ಅದೇ ಕೆಂಪು ಪಟ್ಟಿ ಸುತ್ತಿದರು. "ಹರಕಿ ಹೊತ್ತಾಕಿ ನಾ. ಕಾಲೂ ನಂದ ಇರ್ಲಿ" ಎಂದರು.

"ಬ್ಯಾಡ ಬೇ ಯವ್ವಾ" ಎಂದಳು ಹುಡುಗಿ. ಅಷ್ಟರಲ್ಲಿ ಮಗ್ಗ ಶುರುವಾಗಿತ್ತು.

ನಾನು ಅವರನ್ನು ತಡೆಯಬೇಕಿತ್ತು. ತಡೆಯಲಿಲ್ಲ, ಯಾಕೆಂದರೆ ಹುಡುಗಿಯ ಕಾಲು ಬಿಡುಗಡೆಯಾಗಿತ್ತು, ನನಗೆ ಆ ಹೊತ್ತಿಗೆ ಬೇಕಾದದ್ದು ಅದೇ. ಇದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ಒಂದು ವರ್ಷ ಹುಡುಗಿಗೆ ಎರಡೂ ಕಾಲಿನ ಕೆಲಸ ಹಚ್ಚಿದೆ. ಎರಡನ್ನೂ ಮೊದಲ ಪುಟದ ಅಂಕಿಗೇ ಅಳೆದೆ. ಎಡಗಾಲು ಮೊದಲು ಕರೆದರೆ ಬರುತ್ತಿರಲಿಲ್ಲ. ಅದರ ತೊಡೆಯ ಮೇಲೆ ಕೈಯಿಟ್ಟು, ನೀನೇ, ನಿನಗೇ ಹೇಳುತ್ತಿರುವುದು, ಎಂದು ಹುಡುಗಿ ಅದಕ್ಕೆ ತಿಳಿಸಬೇಕಾಗುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಬಂತು. ಅವಳ ಮೆಟ್ಟಿಲಿನ ಸದ್ದಿನಲ್ಲಿ ಮತ್ತೆ ಒಂದು ಕಾಲು ಭಾರ, ಒಂದು ಹಗುರ ಆಯಿತು. ಆ ರಾತ್ರಿ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ.

ತಾಯಿಯ ಬಗ್ಗೆ ಕೇಳಿದಾಗಲೆಲ್ಲ "ಹಂಗ ಅದಾಳ್ರಿ" ಎನ್ನುತ್ತಿದ್ದಳು. ಎರಡು ಸಲ ಇಳಕಲ್ಲಿಗೆ ಹೋಗಿ ಜಗಳವಾಡಿ ಬಂದೆ. ತಾಯಿ ನನಗೆ ರೊಟ್ಟಿ, ಪುಂಡಿಪಲ್ಲೆ ಬಡಿಸಿ, "ಇನ್ನೇನ ಸ್ವಲ್ಪ ದಿನ ಅಲ್ರಿ" ಎಂದು ನಕ್ಕರು. ಬಡಿಸಲು ಓಡಾಡುವಾಗ ಗೋಡೆ ಹಿಡಿಯುತ್ತಿದ್ದರು.

ಹುಡುಗಿ ಮತ್ತೆ ಆಡಿದ್ದು ಹುನಗುಂದದ ಒಂದು ಮೈದಾನದಲ್ಲಿ, ಆಯ್ಕೆಗೆ ಮೊದಲಿನ ಪಂದ್ಯ. ಕಾಗದ ನಾನೇ ಕೊಟ್ಟಿದ್ದೆ. ತಾಯಿಯೂ ಬಂದಿದ್ದರು. ಬೇವಿನ ಮರದ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕುಳಿತರು, ಬಲಗಾಲು ಇಳಿಬಿಟ್ಟು, ಎಡಗಾಲು ಮಡಚಿ. ಬೆಳಗಿನ ಬಿಸಿಲು ಚುರುಗುಡುತ್ತಿತ್ತು. ಖೋ ಬಿತ್ತು. ಹುಡುಗಿ ಎಡಗಾಲನ್ನು ಒತ್ತಿ ಎದ್ದಳು, ತಡವೇ ಇಲ್ಲ. ಓಡಿದಳು, ಕಂಬ ಹಿಡಿದಳು, ತಿರುಗಿದಳು. ಎರಡು ಮೊಣಕಾಲೂ ಅವಳ ಜೊತೆಗೇ ತಿರುಗಿದವು.

"ಆತಲ್ರಿ ಅಕ್ಕಾರ" ಎಂದೆ. "ಹರಕಿ ಮುಗೀತು. ಇನ್ನ ಆ ಕಾಲು ಕೆಳಗ ಬಿಡ್ರಿ."

"ಬಿಟ್ಟೇನ್ರಿ" ಎಂದರು. ಅವರ ಕಣ್ಣು ಮಗಳ ಮೇಲೇ ಇತ್ತು, ಕೆನ್ನೆ ಒದ್ದೆಯಾಗಿತ್ತು.

ನಾನು ನೋಡಿದೆ. ಕಾಲು ಕಟ್ಟೆಯ ಮೇಲೆ ಮಡಚಿಕೊಂಡೇ ಇತ್ತು.

"ಅಕ್ಕಾರ, ಕಾಲು."

"ಆಗಲೇ ಬಿಟ್ಟೇನಲ್ರೀ. ನೆಲದ ಮ್ಯಾಲೆ ಐತಿ, ತಂಪ ಹತ್ತಾಕತ್ತೈತಿ."

ನಾನು ಕಟ್ಟೆಯಿಂದ ಇಳಿದು ಅವರ ಮುಂದೆ ಕುಕ್ಕರಿಸಿ ಕುಳಿತೆ. ಅಷ್ಟು ಬಿಸಿಲಲ್ಲೂ ಪಾದ ತಣ್ಣಗಿತ್ತು. ಎರಡೂ ಕೈಯಿಂದ ಹಿಡಿದು, ಮೊಣಕಾಲನ್ನು ಒಂದಿಷ್ಟಿಷ್ಟೇ ಬಿಡಿಸಿ, ಹಿಮ್ಮಡಿಯನ್ನು ಮಣ್ಣಿಗೆ ಮುಟ್ಟಿಸಿದೆ. ತಾಯಿಗೆ ಏನೂ ಗೊತ್ತಾಗಲಿಲ್ಲ. ನನ್ನ ತಲೆಯ ಮೇಲಿಂದ ಮಗಳನ್ನೇ ನೋಡುತ್ತಿದ್ದರು. ಪಂದ್ಯ ಮುಗಿಯುವವರೆಗೆ ನಾನು ಆ ಪಾದವನ್ನು ನೆಲಕ್ಕೆ ಒತ್ತಿ ಹಿಡಿದೇ ಕುಳಿತೆ. ಕೈ ತೆಗೆದರೆ ಅದು ತಾನಾಗಿ ಮತ್ತೆ ಮೇಲೆ ಹೋಗುತ್ತದೆ ಎಂದು ನನಗೆ ಖಂಡಿತ ಅನ್ನಿಸಿತ್ತು.